ಬಿಡುವಿನ ಮೊದಲ ಆರು ದಿನ

ಮಾರ್ಚ್ 3, ಸೋಮವಾರ
ಮನೆಯಿಂದ

ದೊರೆಗೆ,

ನಿನ್ನ ವ್ಯಾನು ತಿರುವು ದಾಟಿ ಹತ್ತು ನಿಮಿಷ ಆಗಿಲ್ಲ, ಆಗಲೇ ಪೆನ್ನು ಹಿಡಿದು ಕೂತಿದ್ದೇನೆ. ಇನ್ನೇನು ಮಾಡಲಿ? ಫೋನು ಮಾಡುವ ಹಾಗಿಲ್ಲ. ಆರೈಕೆ ಮಾಡುವವರಿಗೆ ಬಿಡುವು ಕೊಡಿಸುವ ಆ ನಿಧಿಯ ಆಫೀಸಿನ ಮೇಡಂ ಇಬ್ಬರ ಫೋನನ್ನೂ ಲಕೋಟೆಗೆ ಹಾಕಿಕೊಂಡು ಹೊರಟೇಬಿಟ್ಟರು. "ಶುರುವಿನಲ್ಲಿ ಒಬ್ಬರು ಒಂದೇ ದಿನ ಮೂವತ್ತು ಸಲ ಫೋನ್ ಮಾಡಿದ್ರು ಕಣ್ರೀ. ಅದಕ್ಕೆ ಬಿಡುವು ಅಂತಾರಾ? ಪತ್ರ ಬರೀರಿ, ನಮ್ಮ ವ್ಯಾನು ತಲುಪಿಸುತ್ತೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವೇ ಹೇಳ್ತೀವಿ" ಅಂದರು.

ಗಾಲಿಕುರ್ಚಿಯ ಹೊಸ ಟಯರಿಗೆ ಅಂತ ಸುಳ್ಳು ಹೇಳಿ ಈ ಅರ್ಜಿಗೆ ನನ್ನ ಸಹಿ ಹಾಕಿಸಿಕೊಂಡೆಯಲ್ಲ, ಅದರ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಏಣಿಯಿಂದ ಬಿದ್ದು ಹನ್ನೆರಡು ವರ್ಷ ಆಯಿತು. ಅಷ್ಟು ದಿನ ನಾನೇನು ನಿನ್ನ ಹತ್ತಿರ ರಜೆ ಕೇಳಿದ್ದೆನೇ? ಇರಲಿ. ನಿನ್ನ ಚೀಲದ ಬದಿಯ ಜೇಬಿನಲ್ಲಿ ನೋಟ್‌ಬುಕ್ ಇಟ್ಟಿದ್ದೇನೆ, ಹದಿನೆಂಟು ಪುಟ. ನಿನ್ನನ್ನು ಹೇಗೆ ಎತ್ತಬೇಕು, ಯಾವ ಮಗ್ಗುಲಿಗೆ ಎಷ್ಟು ಹೊತ್ತು ಮಲಗಿಸಬೇಕು, ಹಟ ಮಾಡಿದರೆ ಯಾವ ದನಿಯಲ್ಲಿ ಬೈಯಬೇಕು, ಎಲ್ಲ ಬರೆದಿದೆ. ಆ ಬಿಡುವಿನ ಮನೆಯ ಆರೈಕೆಯವರಿಗೆ ಕೊಡು. ಓದಿದ್ದೇವೆ ಅಂತ ಅವರ ಬಾಯಿಂದ ಹೇಳಿಸು.

ಮಧ್ಯಾಹ್ನ ನನ್ನ ರೈಲು. ಸಮುದ್ರದ ಊರಿನಲ್ಲಿ ನನಗೆ ಎರಡು ವಾರ ಕೋಣೆಯಂತೆ. ಅಲ್ಲಿಗೆ ಪತ್ರ ತಲುಪಲು ಎರಡು ದಿನ ಬೇಕು, ಗಾಬರಿಯಾಗಬೇಡ. ವ್ಯಾನಿನ ಡ್ರೈವರು ನಮ್ಮ ದರ್ಜಿ ಅಂಗಡಿಯ ಗಿರಾಕಿಯೇ, ಅವರ ಕೋಟಿನ ಗುಂಡಿ ಕಾಜಾ ಎಲ್ಲ ನನ್ನ ಕೈಯದೇ, ಜೋಪಾನವಾಗಿ ತಲುಪಿಸುತ್ತಾರೆ.

ಇನ್ನೊಂದು ಮಾತು. ಕೊನೆಗೆ ಇಬ್ಬರೂ ಒಂದೊಂದು ಪುಟ ಬರೆದುಕೊಡಬೇಕು, ಬಿಡುವು ಹೇಗೆ ಕಳೆಯಿತು ಅಂತ. ಅದನ್ನು ನೋಡಿಯೇ ಸಮಿತಿಯವರು ಮುಂದೆ ವರ್ಷವರ್ಷವೂ ಕೊಡುವುದೋ, ಇಲ್ಲಿಗೇ ನಿಲ್ಲಿಸುವುದೋ ಅಂತ ತೀರ್ಮಾನ ಮಾಡುತ್ತಾರಂತೆ. ನಮ್ಮ ಹಿಂದೆ ಇನ್ನೂ ನಲವತ್ತು ಮನೆಯವರು ಕಾಯುತ್ತಿದ್ದಾರೆ. ಆದ್ದರಿಂದ ಒಳ್ಳೆಯ ಹುಡುಗನ ಹಾಗೆ ಇರು. ನಲವತ್ತೊಂದು ವಯಸ್ಸಾದರೂ ಹೇಳಬೇಕಾಗಿದೆ.

ನಿನ್ನ ಅಕ್ಕ


ಮಾರ್ಚ್ 4, ಮಂಗಳವಾರ
ಬಿಡುವಿನ ಮನೆಯಿಂದ

ಹೆಡ್ ಮೇಡಂ ಅವರಿಗೆ,

ತಲುಪಿದೆ. ಜೀವಂತವಾಗಿದ್ದೇನೆ, ಅಷ್ಟೇ. ಹಾಸಿಗೆ ಕಲ್ಲಿನ ಹಾಗಿದೆ. ಊಟಕ್ಕೆ ಉಪ್ಪಿಲ್ಲ, ಟೀಗೆ ಬಣ್ಣವಿಲ್ಲ. ನನ್ನನ್ನು ನೋಡಿಕೊಳ್ಳಲು ಒಬ್ಬರು ಬಂದಿದ್ದಾರೆ, ಮುಖಕ್ಕಿಂತ ಮೀಸೆಯೇ ದೊಡ್ಡದು. ಹೆಸರು ಹೇಳಿದರು, ನಾನು ಮೀಸೆಯವರೇ ಅಂತಲೇ ಕರೆಯುತ್ತಿದ್ದೇನೆ. ನಿನ್ನ ನೋಟ್‌ಬುಕ್ ಓದಿದರು. ಎಂಟನೇ ಪುಟದಲ್ಲಿ ನಕ್ಕರು. ಬೈಯುವ ದನಿಯ ಪುಟ ಅದೇ ಇರಬೇಕು.

ಇಲ್ಲಿ ನೀರಿನ ಕೊಳವೊಂದಿದೆ. ಭಾರ ಎತ್ತುವ ಯಂತ್ರಕ್ಕೆ ಜೋಲಿ ಕಟ್ಟಿ, ನಮ್ಮನ್ನು ಅದರಲ್ಲಿ ಕೂರಿಸಿ ನೀರಿಗೆ ಇಳಿಸುತ್ತಾರೆ. ನೀರು ತಣ್ಣಗಿದೆ. ಪಕ್ಕದ ಕೋಣೆಯಲ್ಲಿ ಒಬ್ಬರು ರಿಟೈರಾದ ಬಸ್ ಕಂಡಕ್ಟರ್. ಕೈ ನಡುಗುತ್ತದೆ, ಬಾಯಿ ನಿಲ್ಲುವುದಿಲ್ಲ.

ನೀನಿಲ್ಲದೆ ಏನೂ ಸರಿಹೋಗುವುದಿಲ್ಲ ಬಿಡು. ಆದರೂ ತಡೆದುಕೊಳ್ಳುತ್ತೇನೆ. ನೀನು ಹಾಯಾಗಿರು.

ನಿನ್ನ ತಮ್ಮ


ಮಾರ್ಚ್ 5, ಬುಧವಾರ
ಸಮುದ್ರದ ದಂಡೆಯಿಂದ

ದೊರೆಗೆ,

ನನಗೆ ಗೊತ್ತಿತ್ತು! ಹಾಸಿಗೆ ಗಟ್ಟಿ ಅಂತ ಬರೆದೆಯಲ್ಲ, ಹನ್ನೊಂದನೇ ಪುಟ ನೋಡಲು ಆ ಮೀಸೆಯವರಿಗೆ ಹೇಳು. ಸೊಂಟದ ಕೆಳಗೆ ಸಣ್ಣ ದಿಂಬು, ಮಂಡಿಗಳ ನಡುವೆ ಮಡಿಸಿದ ಟವೆಲ್ಲು. ದಿನಕ್ಕೆರಡು ಸಲ ಬೆನ್ನು ನೋಡಬೇಕು, ಕೆಂಪಾದ ಜಾಗ ಕಂಡರೆ ಆ ಮಗ್ಗುಲು ಬಿಡಬೇಕು. ತಣ್ಣೀರಿಗೆ ಇಳಿಸುವುದು ಯಾವ ಶಾಸ್ತ್ರದಲ್ಲಿದೆ? ನಿನ್ನ ಕಾಲು ಸೆಟೆದುಕೊಂಡರೆ ಗತಿ ಏನು? ಇಳಿಯಬೇಡ. ನಾನು ಹೇಳಿದೆ ಅಂತ ಹೇಳು.

ಊಟ ಸೇರದಿದ್ದರೆ ಬ್ರೆಡ್ಡಾದರೂ ತಿನ್ನು, ಎರಡು ಮೊಟ್ಟೆ ಬೇಯಿಸಿಕೊಡಿ ಅಂತ ಕೇಳು. ನಿನಗೆ ಬಾಯಿಬಿಟ್ಟು ಕೇಳಲು ಬರುವುದಿಲ್ಲ, ಅದೇ ನನಗೆ ಯೋಚನೆ.

ನಾನು ಚೆನ್ನಾಗಿದ್ದೇನೆ. ಸಮುದ್ರ ತುಂಬಾ ದೊಡ್ಡದಾಗಿದೆ. ಅಲೆಗಳು ಬರುತ್ತವೆ, ಹೋಗುತ್ತವೆ. ಗಾಳಿ ಚೆನ್ನಾಗಿದೆ. ಕೋಣೆಯೂ ಚೆನ್ನಾಗಿದೆ.

ಅಕ್ಕ


ಮಾರ್ಚ್ 6, ಗುರುವಾರ

ಹೆಡ್ ಮೇಡಂ,

ಪತ್ರ ಬಂತು. ನನ್ನ ಹಾಸಿಗೆಗೆ ಒಂದು ಪುಟ, ಸಮುದ್ರಕ್ಕೆ ಎರಡು ಸಾಲು. ಬೋರ್ಡು ಬರೆದು ಬದುಕಿದವನಿಗೆ ಅದರ ಬಣ್ಣವನ್ನಾದರೂ ಹೇಳಬೇಡವೇ? ಬೆಳಿಗ್ಗೆ ಹೇಗಿರುತ್ತದೆ, ಸಂಜೆ ಹೇಗಿರುತ್ತದೆ? ಅಲ್ಲಿ ಬೇರೆ ಯಾರಿದ್ದಾರೆ, ಹೊತ್ತು ಹೇಗೆ ಹೋಗುತ್ತದೆ? ವಿವರವಾಗಿ ಬರೆ.

ಇಲ್ಲಿ ಹಾಗೇ ಇದೆ. ಕಂಡಕ್ಟರ್ ಸಾಹೇಬರು ತಮ್ಮ ಕೋಣೆಯ ಬಾಗಿಲಿಗೆ ಹೆಸರಿನ ಬೋರ್ಡು ಬರೆದುಕೊಡು ಅಂತ ಪ್ರಾಣ ತಿನ್ನುತ್ತಿದ್ದಾರೆ. ನನ್ನ ಕೈಯಲ್ಲಿ ಆಗುವುದಿಲ್ಲ ಅಂದೆ. ಉಪ್ಪು ಇನ್ನೂ ಇಲ್ಲ.

ತಮ್ಮ


ಮಾರ್ಚ್ 7, ಶುಕ್ರವಾರ
ಸಮುದ್ರದ ದಂಡೆಯಿಂದ

ದೊರೆಗೆ,

ಬಣ್ಣ ತಿಳಿ ನೀಲಿ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಇಲ್ಲಿ ಜನ ಇದ್ದಾರೆ, ಒಳ್ಳೆಯವರು. ನಾನು ನಡೆಯುತ್ತೇನೆ, ಕೂರುತ್ತೇನೆ. ಇನ್ನೇನು ಬರೆಯಲಿ?

ಉಪ್ಪಿನ ಡಬ್ಬಿಯನ್ನೇ ಡ್ರೈವರ ಕೈಗೆ ಕೊಟ್ಟು ಕಳಿಸಲೇ ಅಂತ ಯೋಚಿಸುತ್ತಿದ್ದೇನೆ. ಬೆನ್ನು ನೋಡಿದರಾ? ನೀನು ಬೆನ್ನಿನ ಮಾತೇ ಎತ್ತಿಲ್ಲ. ಕೊಳಕ್ಕೆ ಇಳಿದೆಯಾ ಇಲ್ಲವಾ ಅದನ್ನೂ ಹೇಳಿಲ್ಲ. ಮುಚ್ಚಿಡಬೇಡ. ಏನೇ ಆದರೂ ಹೇಳು, ಗಂಟೆಯೊಳಗೆ ಬಂದು ನಿಲ್ಲುತ್ತೇನೆ.

ಅಕ್ಕ


ಮಾರ್ಚ್ 8, ಶನಿವಾರ

ಅಕ್ಕ,

ಇವತ್ತು ಹೆಡ್ ಮೇಡಂ ಅಂತ ಬರೆಯಲು ಮನಸ್ಸಿಲ್ಲ.

ನೀನು ಸಮುದ್ರಕ್ಕೆ ಹೋಗಿಲ್ಲ. ಎರಡು ದಿನ ಹಿಡಿಯುವ ಪತ್ರಕ್ಕೆ ಮಾರನೇ ದಿನವೇ ಉತ್ತರ ಬರುತ್ತಿದೆ. ಆರು ತಾಸಿನ ದಾರಿಯನ್ನು ಗಂಟೆಯೊಳಗೆ ಬಂದು ನಿಲ್ಲುತ್ತೇನೆ ಅನ್ನುತ್ತೀಯ. ನಿನ್ನೆಯ ಹಾಳೆಯ ಮೂಲೆಯಲ್ಲಿ ತಿಳಿ ನೀಲಿ ಹೆಬ್ಬೆರಳ ಗುರುತಿದೆ. ಮೂಗಿಗೆ ಹಿಡಿದೆ, ಟರ್ಪೆಂಟೈನ್. ಸಮುದ್ರಕ್ಕೆ ಆ ವಾಸನೆ ಬರಬೇಕಾದರೆ ಪೇಂಟಿನ ಹಡಗೇ ಮುಳುಗಿರಬೇಕು. ಅದು ನನ್ನ ಮಂಚದ ಕೆಳಗಿದ್ದ ಡಬ್ಬಿಯ ಬಣ್ಣ, ನಾನೇ ಬೆರೆಸಿದ್ದು. ನನ್ನ ಕೋಣೆಯ ಕಿಟಕಿಗೆ ಹೊಡೆಯುತ್ತಿದ್ದೀಯ, ಅಲ್ಲವೇ? ಡ್ರೈವರನ್ನು ಕೇಳಿದೆ. ಪಾಪ, ಟಯರು ನೋಡುತ್ತಾ ನಿಂತರು. ಕೊನೆಗೆ "ನಿಮ್ಮಕ್ಕ ನನ್ನ ಬಾಯಿಗೆ ಬೀಗ ಹಾಕಿದ್ದಾರೆ ಸಾರ್" ಅಂದರು.

ನಿನ್ನನ್ನು ಬೈಯುವ ಮುಂಚೆ ನನ್ನ ಸುಳ್ಳು ಹೇಳಿಬಿಡುತ್ತೇನೆ. ಹಾಸಿಗೆ ಗಟ್ಟಿಯಿಲ್ಲ. ಊಟ ಚೆನ್ನಾಗಿದೆ, ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಿದ್ದೇನೆ. ಬೆನ್ನು ಸ್ವಚ್ಛವಾಗಿದೆ. ಕೊಳದ ನೀರು ಬೆಚ್ಚಗಿದೆ. ಮೊದಲ ದಿನ ಅದರಲ್ಲಿ ಇಳಿಸಿದಾಗ ನನ್ನ ಕಾಲು ತಾನಾಗಿ ಮೇಲೆ ಬಂದು ತೇಲಿತು. ಹನ್ನೆರಡು ವರ್ಷ ಯಾರಾದರೂ ಎತ್ತಿದರೆ ಮಾತ್ರ ಎದ್ದ ಕಾಲು ಅಕ್ಕ. ನಾನು ಗಟ್ಟಿಯಾಗಿ ಕೂಗಿದೆ. ಮೀಸೆಯವರು ನೋವಾಯಿತೇನೋ ಅಂತ ಹೆದರಿದರು.

ಇದನ್ನು ನಿನಗೆ ಹೇಗೆ ಬರೆಯಲಿ? ಹೊರಡುವ ದಿನ "ನಾನಿಲ್ಲದೆ ಆಗುತ್ತಾ ನಿನಗೆ?" ಅಂತ ಮೂರು ಸಲ ಕೇಳಿದೆ. ಆಗುತ್ತೆ ಅಂದರೆ ನಿನ್ನ ಮುಖ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಅದಕ್ಕೇ ಇಲ್ಲಿಂದ ಉಪ್ಪಿಲ್ಲ, ಬಣ್ಣವಿಲ್ಲ ಅಂತ ಗೊಣಗಿದೆ. ನಿನಗೆ ಸಮಾಧಾನವಾಗಲಿ ಅಂತ ಬರೆದದ್ದು ನಿನ್ನನ್ನು ಮನೆಯಲ್ಲೇ ಕಟ್ಟಿಹಾಕಿತು. ತಪ್ಪು ನನ್ನದೂ ಇದೆ.

ಇನ್ನೊಂದು ಹೇಳುತ್ತೇನೆ, ನೊಂದುಕೊಂಡರೂ ಪರವಾಗಿಲ್ಲ. ಮೀಸೆಯವರು ನನ್ನನ್ನು ಎತ್ತುವಾಗ ನಾನು ಸುಮ್ಮನೆ ಎತ್ತಿಸಿಕೊಳ್ಳುತ್ತೇನೆ. ಅದು ಅವರ ಕೆಲಸ, ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ನೀನು ಎತ್ತುವಾಗ ನನ್ನ ಕಣ್ಣು ನಿನ್ನ ನೋಯುವ ಸೊಂಟದ ಮೇಲೆಯೇ ಇರುತ್ತದೆ. ಹಲ್ಲು ಕಚ್ಚುತ್ತೀಯಲ್ಲ, ಅದು ನನಗೆ ಕೇಳಿಸುತ್ತದೆ. ದಿನಕ್ಕೆ ಎಂಟು ಸಲ ಕೇಳಿಸುತ್ತದೆ. ಇಲ್ಲಿ ಐದು ದಿನದಿಂದ ಆ ಸದ್ದಿಲ್ಲ. ಅದೇ ನನಗೆ ಸಿಕ್ಕ ಬಿಡುವು. ನಾನು ನಿನ್ನಿಂದ ಬಿಡಿಸಿಕೊಂಡು ಬಂದಿಲ್ಲ, ಆ ಸದ್ದಿನಿಂದ ಬಿಡಿಸಿಕೊಂಡು ಬಂದಿದ್ದೇನೆ.

ನೀನಿಲ್ಲದೆ ನಾನು ಚೆನ್ನಾಗಿದ್ದೇನೆ ಅಕ್ಕ. ಹೋಗು. ಇನ್ನೂ ಒಂದು ವಾರ ಇದೆ.

ನಿನ್ನ ತಮ್ಮ


ಮಾರ್ಚ್ 10, ಸೋಮವಾರ

ಅಕ್ಕ,

ನಿನ್ನೆಯ ವ್ಯಾನಿನಲ್ಲೂ ಪತ್ರ ಇಲ್ಲ, ಇವತ್ತೂ ಇಲ್ಲ. ಶನಿವಾರದ್ದನ್ನು ನಿನ್ನ ಕೈಗೇ ಕೊಟ್ಟೆ ಅಂತ ಡ್ರೈವರು ಆಣೆ ಮಾಡುತ್ತಾರೆ. ಬಾಗಿಲಲ್ಲೇ ನಿಂತು ಓದಿದೆಯಂತೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆಯಂತೆ. ಇವತ್ತು ಹೋದರೆ ಬೀಗವಂತೆ.

ಒಂದೇ ಒಂದು ಸಾಲು ಬರೆ. ಬೈದು ಬರೆದರೂ ಸರಿ. ಊಟ ಸೇರುತ್ತಿಲ್ಲ. ಈ ಸಲ ನಿಜವಾಗಲೂ ಸೇರುತ್ತಿಲ್ಲ.

ತಮ್ಮ


ಮಾರ್ಚ್ 11, ಮಂಗಳವಾರ
ಸಮುದ್ರದ ದಂಡೆಯಿಂದ, ದೇವರಾಣೆಗೂ

ದೊರೆಗೆ,

ನಿನ್ನ ಪತ್ರ ಓದಿ ಪೇಂಟಿನ ಡಬ್ಬಿಯ ಮೇಲೆ ಕೂತು ಅತ್ತೆ. ಆಮೇಲೆ ಸಿಟ್ಟು ಬಂತು. ಹನ್ನೆರಡು ವರ್ಷ ನನ್ನ ರಟ್ಟೆ ಸವೆಸಿದ್ದೇನೆ, ಇವನಿಗೆ ಐದು ದಿನದಲ್ಲಿ ಮೀಸೆ ಹೆಚ್ಚಾಯಿತೇ ಅಂತ. ನಿನಗೆ ನಾಲ್ಕು ಪುಟದ ಉತ್ತರ ಬರೆದೆ, ಹರಿದೆ. ಅದರಲ್ಲಿದ್ದ ಮಾತು ನಿನಗೆ ಬೇಡ. ಆಮೇಲೆ ಹಾಡಹಗಲಲ್ಲೇ ನೆಲದ ಮೇಲೆ ಒರಗಿದವಳಿಗೆ ನಿದ್ದೆ ಹತ್ತಿಬಿಟ್ಟಿತು. ಎದ್ದಾಗ ಸಂಜೆ. ಕಿಟಕಿಯ ಬಣ್ಣ ಒಣಗಿತ್ತು, ನನ್ನ ಸಿಟ್ಟೂ ಒಣಗಿತ್ತು. ಉಳಿದದ್ದು ಒಂದೇ ಯೋಚನೆ: ಎಂಟು ಸಲವಾ? ಹಲ್ಲು ಕಚ್ಚುವುದು ನನಗೇ ಗೊತ್ತಿರಲಿಲ್ಲವಲ್ಲ.

ಭಾನುವಾರ ಬೆಳಿಗ್ಗೆ ರೈಲು ಹತ್ತಿದೆ. ಆ ಸೋಮವಾರವೂ ಹತ್ತಿದ್ದೆ, ನಿನಗೆ ಗೊತ್ತಿರಲಿ. ಕಿಟಕಿಯ ಪಕ್ಕ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡು, ಶಿಳ್ಳೆ ಹೊಡೆಯುವ ಮುಂಚೆ ಇಳಿದುಬಿಟ್ಟೆ. ಸುಮ್ಮನೆ ಕೂರುವುದು ಹೇಗೆ ಅಂತ ಗೊತ್ತಾಗಲಿಲ್ಲ ಕಣೋ. ಕೈಗೆ ಕೆಲಸವಿಲ್ಲದಿದ್ದರೆ ನಾನು ಯಾರು ಅಂತಲೇ ತಿಳಿಯಲಿಲ್ಲ. ಮನೆಗೆ ಬಂದು ಶಾಲೆಯ ಯೂನಿಫಾರ್ಮಿಗೆ ಇನ್ನೂರು ಕಾಜಾ ಹಾಕಿದೆ, ಬಣ್ಣ ಹಚ್ಚಿದೆ. ಅದನ್ನೇ ಬಿಡುವು ಅಂದುಕೊಂಡೆ.

ಈಗ ಕೇಳು. ಸಮುದ್ರ ತಿಳಿ ನೀಲಿ ಅಲ್ಲ. ಬೆಳಿಗ್ಗೆ ಪಾತ್ರೆ ತೊಳೆದ ನೀರಿನ ಹಾಗೆ ಮಾಸಲು. ಮಧ್ಯಾಹ್ನ ಹಸಿರು. ಸಂಜೆಯ ಬಣ್ಣ ಹೇಳಲು ನೀನೇ ಬರಬೇಕು. ಎಷ್ಟು ಗಲಾಟೆ ಮಾಡುತ್ತದೆ ಅಂದರೆ ಮೊದಲ ದಿನ ಬಾಗಿಲು ಹಾಕಿಕೊಂಡೆ.

ಇಲ್ಲಿ ನನ್ನಂಥವರು ಐದು ಜನ. ಹೆಂಡತಿಯನ್ನು ನೋಡಿಕೊಳ್ಳುವ ಒಬ್ಬರು ಮೇಷ್ಟ್ರು, ಮಗಳನ್ನು ನೋಡಿಕೊಳ್ಳುವ ಒಬ್ಬ ನರ್ಸಮ್ಮ, ಹೀಗೆ. ಬೆಳಿಗ್ಗೆ ಐದೂವರೆಗೆ ಐದು ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಎಲ್ಲರೂ ಎದ್ದು ಹೊರಗೆ ಬಂದು, ಯಾರನ್ನು ಎತ್ತಬೇಕು ಅಂತ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲುತ್ತೇವೆ. ನಿನ್ನೆ ಮೇಷ್ಟ್ರು "ಬಂದಿದ್ದಾಯ್ತು, ಹಾಜರಿ ಕೂಗ್ಲಾ?" ಅಂದರು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ಒಂದು ವಿಷಯ. ನಿನ್ನೆಯೇ ನನ್ನ ಪುಟ ಬರೆದು ಆಫೀಸಿನ ಮೇಡಂಗೆ ಕಳಿಸಿದ್ದೇನೆ. ಆರು ದಿನ ಮನೆಯಲ್ಲಿದ್ದೆ, ಸುಳ್ಳು ಪತ್ರ ಬರೆದೆ, ಡ್ರೈವರಿಗೂ ಸುಳ್ಳು ಕಲಿಸಿದೆ, ಅವರದೇನೂ ತಪ್ಪಿಲ್ಲ, ಎಲ್ಲ ಬರೆದೆ. ಬಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ಚೆನ್ನಾಗಿ ಕಳೆಯಿತು ಅಂತ ಬರೆಯಲು ಕೈ ಬರಲಿಲ್ಲ. ಕೊಟ್ಟದ್ದನ್ನು ಹಾಳುಮಾಡಿದಳು ಅಂತ ಸಮಿತಿಯವರು ನಿಲ್ಲಿಸಿಬಿಟ್ಟರೆ ನಿನ್ನ ಕೊಳಕ್ಕೂ ನಾನೇ ಕಲ್ಲು ಹಾಕಿದ ಹಾಗೆ, ಆ ನಲವತ್ತು ಮನೆಯವರ ಬಿಡುವಿಗೂ ಕಲ್ಲು ಹಾಕಿದ ಹಾಗೆ. ಅದೊಂದೇ ಸಂಕಟ. ಉಳಿದಂತೆ ಚೆನ್ನಾಗಿದ್ದೇನೆ, ಸೊಂಟವೂ ಸ್ವಲ್ಪ ಬಗ್ಗುತ್ತಿದೆ.

ಊಟ ಮಾಡು.

ಅಕ್ಕ


ಮಾರ್ಚ್ 13, ಗುರುವಾರ

ಹೆಡ್ ಮೇಡಂ ಅವರ ಸನ್ನಿಧಾನಕ್ಕೆ,

ಪತ್ರ ಓದಿದೆ. ಓದಿದ ಮೇಲೆ ಮಾಡಿದ ಊಟವನ್ನು ಕಂಡಕ್ಟರ್ ಸಾಹೇಬರು ಲೆಕ್ಕ ಇಟ್ಟಿದ್ದಾರೆ, ನಾನು ಹೇಳುವುದಿಲ್ಲ.

ಆಫೀಸಿನ ಮೇಡಂ ಇವತ್ತು ಮಧ್ಯಾಹ್ನ ಬಂದರು. ಕೈಯಲ್ಲಿ ನಿನ್ನ ಪುಟ. ನಾನು ಶುರುಮಾಡಿದೆ, "ಮೇಡಂ, ನಮ್ಮಕ್ಕ ಬೇಕು ಅಂತ ಮಾಡಿದ್ದಲ್ಲ..." ಅವರು ಕೈ ಅಡ್ಡ ಹಿಡಿದರು.

"ನಿಮ್ಮಕ್ಕ ಒಬ್ಬರೇ ಅಂದ್ಕೊಂಡ್ರಾ? ಅರ್ಧಕ್ಕರ್ಧ ಜನ ಮೊದಲ ವಾರ ಹೀಗೇ ಮಾಡೋದು. ಒಬ್ಬರು ಸ್ಟೇಷನ್ನಿನ ಬೆಂಚಿನ ಮೇಲೇ ಎರಡು ದಿನ ಕೂತಿದ್ರು. ಆದ್ರೆ ಬರೆದುಕೊಡೋವಾಗ ಎಲ್ಲರೂ ಚೆನ್ನಾಗಿತ್ತು, ಚೆನ್ನಾಗಿತ್ತು ಅಂತಾರೆ. ಅಷ್ಟು ಬೇಗ ಚೆನ್ನಾಗಾಗೋದಾದ್ರೆ ಎರಡು ವಾರ ಯಾಕೆ, ಐದು ದಿನ ಸಾಕು ಅಂತ ಸಮಿತಿಯವರು ಕತ್ತರಿ ಹಿಡ್ಕೊಂಡು ಕೂತಿದ್ರು. ನಾನು ಬಾಯಿ ಬಡ್ಕೊಂಡ್ರೂ ನಂಬಲಿಲ್ಲ. ಇವತ್ತು ಬೆಳಿಗ್ಗೆ ಸಭೆಯಲ್ಲಿ ಇದನ್ನ ಓದಿದೆ."

ಓದಿದ್ದು ಪೂರ್ತಿ ಪುಟವಂತೆ, ಕಿಟಕಿ, ಕಾಜಾ, ಡ್ರೈವರ ಬೀಗ ಸಮೇತ. ಐದೂವರೆಯ ಹಾಜರಿಯ ಹತ್ತಿರ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಹೊರಡಲು ಒಂದು ವಾರ, ಇರಲು ಒಂದು ವಾರ, ಆದ್ದರಿಂದ ಎರಡು ವಾರಕ್ಕಿಂತ ಕಡಿಮೆ ಕೊಟ್ಟರೆ ಕೊಟ್ಟ ಹಾಗೇ ಅಲ್ಲ ಅಂತ ಅವರೇ ಬರೆಸಿದರಂತೆ. ವರ್ಷವರ್ಷವೂ ಕೊಡುತ್ತಾರೆ ಅಕ್ಕ. ನಮಗೂ, ಆ ನಲವತ್ತು ಮನೆಗೂ. ಒಂದು ಷರತ್ತು ಹಾಕಿದ್ದಾರೆ: ರೈಲು ಹೊರಟು ಕಣ್ಮರೆಯಾಗುವ ತನಕ ಆಫೀಸಿನಿಂದ ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯಬೇಕು. ನಿನ್ನ ಪುಣ್ಯ, ಒಬ್ಬರಿಗೆ ಕೆಲಸವೂ ಸಿಕ್ಕಿತು.

ಮೇಡಂ ಹೋದ ಮೇಲೆ ಕೊಳಕ್ಕೆ ಇಳಿದು ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡೆ. ಬಹಳ ಖುಷಿಯಾಗಿದ್ದೇನೆ. ಇದನ್ನು ನಿನಗೆ ಹೆದರದೆ ಬರೆಯಬಹುದು ಅನ್ನುವುದೇ ದೊಡ್ಡ ಖುಷಿ.

ತಮ್ಮ


ಮಾರ್ಚ್ 15, ಶನಿವಾರ
ಸಮುದ್ರದ ದಂಡೆಯಿಂದ

ದೊರೆಗೆ,

ಸೋಮವಾರ ನಾನೇ ಬರುತ್ತೇನೆ, ಈ ಪತ್ರವೂ ಅವತ್ತೇ ಬರುತ್ತದೆ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ನಿಂತು ಹೇಳಲು ನನ್ನ ಕೈಲಾಗುವುದಿಲ್ಲ. ನಾನು ಒಳಗೆ ಬ್ಯಾಗು ಇಡಲು ಹೋದಾಗ ಓದಿಕೋ.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಮೇಷ್ಟ್ರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. ನರ್ಸಮ್ಮ ನನ್ನ ಕೆನ್ನೆ ಹಿಂಡಿದಳು. ಸಂತೋಷದಲ್ಲಿ ಇಸ್ಪೀಟು ತೆಗೆದರು. ನನಗೆ ಆಟ ಬರುವುದಿಲ್ಲ ಅಂದೆ, ಹೇಳಿಕೊಟ್ಟರು. ಊಟ ಮುಗಿಸಿ ಮತ್ತೆ ಕೂತೆವು. ಮೊದಲು ಸೋತೆ, ಆಮೇಲೆ ಗೆದ್ದೆ, ಆಮೇಲೆ ನರ್ಸಮ್ಮನ ಎಲೆ ಕದ್ದು ನೋಡಿ ಗೆದ್ದೆ. ಮೇಷ್ಟ್ರು ನನ್ನನ್ನು ಕಳ್ಳಿ ಅಂದರು. ಗೆದ್ದಾಗಲೆಲ್ಲ ಮೇಜು ಗುದ್ದಿದೆ. ನಿನ್ನಕ್ಕ ಮೇಜು ಗುದ್ದುವುದನ್ನು ನೀನು ನೋಡಿಲ್ಲ.

ಸಂಜೆ ಟೀ ತಂದಿಟ್ಟರು. ಲೋಟಕ್ಕೆ ಕೈ ಹಾಕಿದವಳು ಹಾಗೇ ನಿಂತೆ. ಆಟಕ್ಕೆ ಕೂತಾಗಿನಿಂದ ಟೀ ಬರುವ ತನಕ ನೀನು ನನ್ನ ನೆನಪಿಗೆ ಬಂದಿರಲಿಲ್ಲ. ಒಂದು ಸಲವೂ. ನಿನ್ನ ಬೆನ್ನು, ನಿನ್ನ ಊಟ, ನೀನು ಇದ್ದೀಯ ಅನ್ನುವುದೇ. ಹನ್ನೆರಡು ವರ್ಷದಲ್ಲಿ ಹೀಗಾಗಿರಲಿಲ್ಲ. ತಪ್ಪು ಮಾಡಿದೆ ಅಂತ ಮನಸ್ಸು ಚುಚ್ಚುತ್ತದೆ ಅಂತ ಕಾದೆ. ಚುಚ್ಚಲಿಲ್ಲ. ಟೀ ಕುಡಿದೆ, ಚೆನ್ನಾಗಿತ್ತು.

ಇದನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಒಡಹುಟ್ಟಿದ ತಮ್ಮನನ್ನು ಇಡೀ ಮಧ್ಯಾಹ್ನ ಮರೆತಿದ್ದೆ ಅಂದರೆ ಕೇಳಿದವರು ಏನಂದುಕೊಂಡಾರು? ಯೋಚಿಸಿ ನೋಡಿದೆ. ಈ ಸುದ್ದಿ ಕೇಳಿ ಖುಷಿಪಡುವವನು ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅದಕ್ಕೇ ನಿನಗೆ ಬರೆದೆ.

ನಿನ್ನ ಅಕ್ಕ